ಕೆರೆಯಲ್ಲಿ ಸಿಕ್ಕ ಲಾರಿ, ಠಾಣೆಯಲ್ಲಿ ಉಳಿದ ಇಬ್ಬರು

ಮಾನ್ಯ ಜಿಲ್ಲಾಧಿಕಾರಿಗಳೇ,

ನನ್ನ ಅಣ್ಣ ಸಿದ್ದಮಲ್ಲಪ್ಪ ಕಳೆದ ಬೇಸಿಗೆಯಿಂದ ನಿಮ್ಮ ಆಡಳಿತಕ್ಕೆ ಒಳಪಟ್ಟ ಪೊಲೀಸ್ ಠಾಣೆಯೊಂದರ ಉಗ್ರಾಣದಲ್ಲಿ, ಗೋಣಿಚೀಲದೊಳಗೆ ಇದ್ದಾನೆ. ಅದೇ ಚೀಲದಲ್ಲಿ ಕುಂತೂರಿನ ಚಿಕ್ಕಮಾದಯ್ಯನೂ ಇದ್ದಾನೆ. ಇಬ್ಬರೂ ಸತ್ತು ಮೂವತ್ತು ವರ್ಷವಾಗುತ್ತ ಬಂತು. ಇಬ್ಬರ ಮೇಲೂ ಮಿಲಿಟರಿ ಲಾರಿ ಕದ್ದ ಆರೋಪ ಇನ್ನೂ ಹಾಗೇ ಇದೆ. ಆರೋಪ ಇರುವತನಕ ಎಲುಬು ಕೊಡಲಾಗದು ಎನ್ನುತ್ತೀರಿ ನೀವು. ಎಲುಬು ಸಿಗದೆ ಮಣ್ಣು ಮಾಡುವುದು ಹೇಗೆ ಎನ್ನುತ್ತೇವೆ ನಾವು. ನಿಮ್ಮ ಕಚೇರಿಯ ಮೊಗಸಾಲೆಯಲ್ಲಿ ಕೂತು ಕೂತು ಸಾಕಾಗಿ, ಇನ್ನು ನಾಲ್ಕು ಜನರ ಮುಂದೆಯೇ ಕೇಳಿಬಿಡೋಣವೆಂದು ಪತ್ರಿಕೆಗೆ ಬರೆಯುತ್ತಿದ್ದೇನೆ. ಅವಿಧೇಯತೆ ಎನಿಸಿದರೆ ಕ್ಷಮಿಸಿ. ವಿಧೇಯತೆಯಿಂದ ಬರೆದವೆಲ್ಲ ನಿಮ್ಮ ಮೇಜಿನ ಮೇಲೆಯೇ ಇವೆ.

ಈ ವಿಷಯಕ್ಕೆ ನಾನಾಗಿ ಕೈಹಾಕಿದವಳಲ್ಲ. ಹಚ್ಚಿದವರು ನೀವೇ. ಸ್ವಾತಂತ್ರ್ಯಕ್ಕೆ ಇಪ್ಪತ್ತೈದು ತುಂಬಿದ ವರ್ಷ, ತಾಲ್ಲೂಕಿನ ಚರಿತ್ರೆಯನ್ನು ಪುಸ್ತಕ ಮಾಡಬೇಕೆಂದು ತಮ್ಮ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯಾಯಿತು. ಕೊಳ್ಳೇಗಾಲದಲ್ಲಿ ಹೆಣ್ಣುಮಕ್ಕಳಿಗೆ ಚರಿತ್ರೆ ಪಾಠ ಹೇಳುವ ನನಗೆ ‘ಯುದ್ಧಕಾಲದ ಮಿಲಿಟರಿ ವಾಹನ ಡಿಪೋ’ ಎಂಬ ಅಧ್ಯಾಯ ಬಂತು. ಆ ಡಿಪೋಗೂ ನನ್ನ ಮನೆಗೂ ಇದ್ದ ಸಂಬಂಧ ಸಮಿತಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಕಳ್ಳನ ತಂಗಿಯ ಕೈಗೆ ಸರ್ಕಾರದ ಲೇಖನಿ ಕೊಡುತ್ತಿದ್ದರೇ? ನಾನೂ ಹೇಳಲಿಲ್ಲ. ಬಾಲ್ಯದಿಂದ ನನ್ನನ್ನು ಅಟ್ಟಿಸಿಕೊಂಡು ಬಂದದ್ದನ್ನು ಒಂದು ಸಲವಾದರೂ ತಿರುಗಿ ನಿಂತು ನೋಡಬೇಕೆನಿಸಿತು.

ಹನೂರು ರಸ್ತೆಯಲ್ಲಿ ಊರು ದಾಟಿದ ಮೇಲೆ ಎಡಕ್ಕೆ ಸಿಗುವ ಸಿಮೆಂಟು ಕಟ್ಟೆಗಳನ್ನು ನೀವು ಕಾರಿನಿಂದ ನೋಡಿರಬಹುದು. ಈಗ ಅಲ್ಲಿ ಮೆಣಸಿನಕಾಯಿ ಒಣಗುತ್ತದೆ. ಎಣ್ಣೆ ಕುಡಿದ ನೆಲದಲ್ಲಿ ಇನ್ನೂ ಗರಿಕೆ ಹುಟ್ಟುವುದಿಲ್ಲ. ಮದ್ರಾಸಿನ ಮೇಲೆ ಜಪಾನಿನವರ ಬಾಂಬು ಬೀಳುತ್ತದೆಂಬ ಭಯದಲ್ಲಿ ಬಂದರಿನ ಲಾರಿಗಳನ್ನು ಒಳನಾಡಿಗೆ ತಂದು ನಿಲ್ಲಿಸಿದ ಜಾಗ ಅದು. ಜನ ‘ಲಾರಿ ಬಯಲು’ ಎಂದರು. ಮುರಿದವನ್ನು ರಿಪೇರಿ ಮಾಡಿ, ಹನೂರಿನಾಚೆಯ ಘಟ್ಟಕ್ಕೆ ಹತ್ತಿಸಿ ಇಳಿಸಿ ಪರೀಕ್ಷಿಸಿ, ಬರ್ಮಾ ಕಡೆಗೆ ಸಾಗಿಸುತ್ತಿದ್ದರು. ಆಗ ಕೊಳ್ಳೇಗಾಲ ಮದ್ರಾಸು ಪ್ರಾಂತಕ್ಕೆ ಸೇರಿತ್ತು. ಗಾವುದ ದೂರವೂ ಇಲ್ಲದ ನಮ್ಮ ಮಾಂಬಳ್ಳಿ, ಯಳಂದೂರು ಸೀಮೆ, ಮೈಸೂರು ಮಹಾರಾಜರದು. ಅತ್ತಲ ನೆಲದಿಂದ ಹೆಣ್ಣು ತಂದು ಇತ್ತಲ ನೆಲದಲ್ಲಿ ದೀಪ ಹಚ್ಚುತ್ತಿದ್ದ ನಮಗೆ ಅದೊಂದು ಗಡಿಯೆಂದು ಅನಿಸಿದ್ದೇ ಇಲ್ಲ. ಪೊಲೀಸರಿಗೆ ಮಾತ್ರ ಅದು ಗಡಿ.

ನನ್ನ ಅಣ್ಣ ಆ ಡಿಪೋದಲ್ಲಿ ಡ್ರೈವರಾದದ್ದು ನಮ್ಮ ಅಪ್ಪ ಕೆಂಪನಂಜಪ್ಪನಿಗೆ ಇಷ್ಟವಿರಲಿಲ್ಲ. ಹೊಲಗದ್ದೆ ಇದ್ದ ಮನೆಯ ಹುಡುಗ ಬಿಳಿಯರ ಗಾಡಿ ಹೊಡೆಯುವುದೆಂದರೇನು? ಆದರೆ ಅಣ್ಣನಿಗೆ ಯಂತ್ರದ ಹುಚ್ಚು. ವಾರಕ್ಕೊಮ್ಮೆ ಮನೆಗೆ ಬಂದರೆ ಅವನ ಅಂಗಿಯ ಪೆಟ್ರೋಲ್ ವಾಸನೆಗೆ ಅವ್ವ ಮೂಗು ಮುಚ್ಚಿಕೊಂಡು, “ದೇವ್ರ ಪೂಜೆ ಮಾಡೋ ಮೈಯಾ ಇದು? ಮೊದ್ಲು ನೀರುಯ್ಕೋ ಓಗು” ಎಂದು ಗದರುತ್ತಿದ್ದಳು. ಅವನು ನಗುತ್ತ ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆ ಎತ್ತಿ ತೋರಿಸಿ, “ಲಿಂಗಯ್ಯಂಗೂ ಈಗ ಲಾರಿ ಅಭ್ಯಾಸ ಆಗದೆ ಕಣವ್ವ” ಎನ್ನುತ್ತಿದ್ದ. ಚಿಕ್ಕಮಾದಯ್ಯ ಅವನ ಜೊತೆಗಾರ. ಲಾರಿಯ ಹಿಂದೆ ನಿಂತು ಸರಕು ಇಳಿಸುವ ಆಳು. ಅವರು ಕುಂತೂರಿನ ಹೊಲೆಗೇರಿಯವರು, ನಾವು ಶಿವಭಕ್ತರ ಬೀದಿಯವರು. ಲಾರಿ ಏರಿದ ಮೇಲೆ ಇಬ್ಬರೂ ಒಂದೇ ಬುತ್ತಿಯಲ್ಲಿ ಉಣ್ಣುತ್ತಿದ್ದರೆಂಬುದು ನಮಗೆ ಬಹಳ ಕಾಲದ ಮೇಲೆ ತಿಳಿಯಿತು.

ನಲವತ್ನಾಲ್ಕನೆಯ ಇಸವಿಯ ಹಿಂಗಾರಿನಲ್ಲಿ ಒಂದು ಮಳೆಯ ಸಂಜೆ ಇಬ್ಬರೂ ಲಾರಿಯೊಂದಿಗೆ ಕಾಣೆಯಾದರು. ಮಾರನೆಯ ದಿನ ಡಿಪೋದ ಬಿಳಿಯ ಅಧಿಕಾರಿ, ತಾನು ಯಾರನ್ನೂ ಎಲ್ಲಿಗೂ ಕಳಿಸಿಲ್ಲ, ಇಬ್ಬರೂ ಲಾರಿ ಕದ್ದು ಮೈಸೂರು ಸೀಮೆಗೆ ಪರಾರಿಯಾಗಿದ್ದಾರೆ ಎಂದ. ಅವನು ಹಾಗೆಂದ ಮೇಲೆ ಮುಗಿಯಿತು. ನಮ್ಮಪ್ಪನನ್ನು ಕೊಳ್ಳೇಗಾಲಕ್ಕೆ ಕರೆದೊಯ್ದು ಕೂರಿಸಿದರು. ಬರುವಾಗ ಅವನ ರುಮಾಲು ತಲೆಯ ಮೇಲಿರಲಿಲ್ಲ, ಕಂಕುಳಲ್ಲಿತ್ತು. ಅವತ್ತಿನಿಂದ ಸಾಯುವತನಕ ಅವನು ಊರ ಜಗಲಿಯಲ್ಲಿ ಕೂರಲಿಲ್ಲ. ಚಿಕ್ಕಮಾದಯ್ಯನ ಹೆಂಡತಿ ಗೋವಿಂದಮ್ಮನ ಪಾಡು ಇನ್ನೂ ಕಡೆ. ಅವಳ ಗುಡಿಸಲಿನ ನೆಲವನ್ನು ಪೊಲೀಸರು ಹಾರೆಯಿಂದ ಅಗೆದರು. ಮಾನ್ಯರೇ, ಇಡೀ ಲಾರಿಯನ್ನು ಒಲೆಯ ಪಕ್ಕ ಹೂತಿಡಬಹುದೆಂದು ಯಾವ ತರಬೇತಿ ಶಾಲೆಯಲ್ಲಿ ಹೇಳಿಕೊಡುತ್ತಾರೆ? ಅಗೆದವರು ಮುಚ್ಚದೆ ಹೋದರು. ಮೂರು ತಿಂಗಳ ಬಸುರಿ ಅವಳು. ಆ ಬಸುರು ನಿಲ್ಲಲಿಲ್ಲ.

ಕುಂತೂರಿನಾಚೆ ಹೆಬ್ಬಳ್ಳದ ಕೆರೆಯ ಏರಿಯ ಮೇಲೆ ರಸ್ತೆ ಹಾಯುತ್ತದೆ. ಅಲ್ಲಿ ಏರಿಯ ಅಂಚು ಕುಸಿದಿದ್ದನ್ನು ಅಪ್ಪ ಕಣ್ಣಾರೆ ಕಂಡು ಬಂದು, “ಲಾರಿ ಕೆರೆಗೆ ಬಿದ್ದಿರಬೋದು ಸಾ, ಒಂದ್ಸಲ ನೋಡ್ಸಿ” ಎಂದು ಡಿಪೋದ ಬಾಗಿಲಲ್ಲಿ ನಿಂತು ಬೇಡಿದ. ಊರಿನ ಬೆಸ್ತರು ಮುಳುಗಿ ನೋಡಿದ್ದರು. ಕೆಸರು, ಜೊಂಡು, ತುಂಬಿದ ನೀರು. ಅವರ ಕೈಗೆ ಏನೂ ಸಿಗಲಿಲ್ಲ. ಡಿಪೋದಲ್ಲಿ ಕ್ರೇನಿತ್ತು, ಆನೆ ಕಟ್ಟುವಂಥ ಸರಪಳಿಯಿತ್ತು. ಬಂದ ಉತ್ತರ: ಏರಿ ಕುಸಿದದ್ದು ಮಳೆಗೆ. ಮುಂದೆ ಅದೇ ಕುಸಿತವನ್ನು ಮಣ್ಣು ಸುರಿದು ಸರಿಮಾಡಿದರು. ಆ ಮಣ್ಣು ಹೋಗಿ ಯಾರ ಮೇಲೆ ಕೂತಿತೋ ಆಗ ನಮಗೆ ತಿಳಿಯಲಿಲ್ಲ.

ನನಗೆ ಗೊತ್ತಾಗಿದ್ದ ಗಂಡು ಹಿಂದೆ ಸರಿಯಿತು. ಆಮೇಲೆ ಯಾರೂ ಬರಲಿಲ್ಲ, ನಾನು ಓದಿ ಟೀಚರಾದೆ. ಆದರೆ ಈ ಕಥೆಯಲ್ಲಿ ನನ್ನ ನಷ್ಟ ಸಣ್ಣದು. ದೊಡ್ಡದು ಇಬ್ಬರು ಹೆಂಗಸರದು. ನಮ್ಮವ್ವ ದೊಡ್ಡಬಸಮ್ಮ, “ಆ ಚಿಕ್ಕಮಾದನೇ ನನ್ನ ಮಗನ ತಲೆ ಕೆಡಿಸ್ದ” ಎಂದು ನಂಬಿದಳು. ಗೋವಿಂದಮ್ಮ, “ಲಾರಿ ಒಡುದೋನು ಆ ಕೆಂಪನಂಜಪ್ಪನ ಮಗ, ನನ್ ಗಂಡನ್ನ ಎಳಕಂಡೋದ” ಎಂದು ನಂಬಿದಳು. ಎದುರಾದರೆ ಒಬ್ಬಳು ಗದ್ದೆಯ ಬದುವಿಗೆ ಇಳಿಯುತ್ತಿದ್ದಳು, ಇನ್ನೊಬ್ಬಳು ಸೆರಗು ಮುಖಕ್ಕೆ ಎಳೆದುಕೊಳ್ಳುತ್ತಿದ್ದಳು. ಐವತ್ತಾರರಲ್ಲಿ ರಾಜ್ಯಗಳು ಕೂಡಿದವು, ಗಡಿ ಅಳಿಯಿತು, ಶಾಲೆಯಲ್ಲಿ ಸಿಹಿ ಹಂಚಿದೆವು. ಅವರಿಬ್ಬರ ನಡುವಿನದು ಅಳಿಯಲಿಲ್ಲ.

ನಿಮ್ಮ ಅಧ್ಯಾಯಕ್ಕಾಗಿ ತಿರುಗಾಡುವಾಗ, ಡಿಪೋದಲ್ಲಿ ನೀರು ಹೊರುತ್ತಿದ್ದ ಚಿಕ್ಕನಿಂಗಮ್ಮ ಎಂಬಾಕೆ ಮಾರ್ಟಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾಳೆಂದು ತಿಳಿಯಿತು. ಹನೂರು ದಾಟಿ ಬಸ್ಸಿನಲ್ಲಿ ಹೋದೆ. ಮಗಳು ಗಂಡನೊಡನೆ ತಮಿಳಿನಲ್ಲಿ, ತಾಯಿಯೊಡನೆ ಕನ್ನಡದಲ್ಲಿ ಮಾತಾಡುತ್ತಿದ್ದಳು. ಯಾರ ತಂಗಿಯೆಂದು ಹೇಳಿದ ಮೇಲೆ ಮುದುಕಿ ನನ್ನ ಕೈ ಹಿಡಿದುಕೊಂಡಳು.

“ಸಿದ್ದಮಲ್ಲಪ್ಪೋರ ತಂಗೀನಾ? ಅಯ್ಯೋ ನನ್ ಕೂಸೇ. ಅವತ್ತು ನಾನು ಅಲ್ಲೇ ನೀರ್ ಉಯ್ತಿದ್ದೆ ಕಣವ್ವಾ. ಯಳಂದೂರ್ ದಾರೀಲಿ ಒಂದು ಗಾಡಿ ಕೆಟ್ಟು ನಿಂತಿತ್ತು. ಅದ್ಕೆ ಸಾಮಾನು ತಕಂಡೋಗು ಅಂದ ದೊರೆ. ನಿಮ್ಮಣ್ಣ, ಈ ಲಾರೀಲಿ ಬ್ರೇಕ್ ಇಡೀತಿಲ್ಲ ಸಾ, ನಾಳೀಕೆ ಓಯ್ತೀನಿ ಅಂದ್ರು. ದೊರೆ ಏನೋ ಅಂದು ನಕ್ಕ. ರೈಟರು ಅದ್ನ ಕನ್ನಡದಲ್ಲಿ ಏಳ್ದ: ‘ಯುದ್ಧದಲ್ಲಿ ಯಾರಿಗೂ ಬ್ರೇಕ್ ಇರಲ್ವಂತೆ, ಓಗು.’ ಚಿಕ್ಕಮಾದಯ್ಯ ಕೆಳಗಿಳ್ದಿದ್ದ. ನಿಮ್ಮಣ್ಣ ಒಬ್ರೇ ಒಂಟದ್ ಕಂಡು ತಿರ್ಗಾ ಅತ್ಕಂಡ.”

“ಆಗಲೇ ಯಾಕೆ ಹೇಳಲಿಲ್ಲ, ಅಜ್ಜಿ?” ಎಂದೆ.

“ಏಳಿದ್ನಲ್ಲವ್ವಾ, ಪೋಲೀಸ್ನೋರ ಕುಟ್ಟೇ ಏಳ್ದೆ. ‘ಬಾಯ್ ಮುಚ್ಚು, ನಿನ್ನೂ ಒಳೀಕ್ ಆಕ್ತೀವಿ’ ಅಂದ್ರು. ಮತ್ಯಾರು ಕೇಳಿದ್ರು ನನ್ನ? ನೀನೇ ಮೊದ್ಲು ಬಂದೋಳು.”

ನಾನು ಅದನ್ನು ಅವಳ ಮಾತಿನಲ್ಲೇ ಬರೆದು ಸಮಿತಿಗೆ ಕೊಟ್ಟೆ. ಅಧ್ಯಾಯ ವಾಪಸು ಬಂತು. ಆ ಭಾಗದ ಮೇಲೆ ಕೆಂಪು ಗೆರೆ. ಮುದುಕಿಯ ನೆನಪು ಚರಿತ್ರೆಯಲ್ಲ, ಆಧಾರವಿದ್ದರೆ ಒದಗಿಸಿ ಎಂದರು. ಒಬ್ಬ ದೊರೆ ತನ್ನನ್ನು ಉಳಿಸಿಕೊಳ್ಳಲು ಆಡಿದ್ದು ಆಧಾರ, ನೀರು ಹೊತ್ತವಳು ಕಿವಿಯಾರೆ ಕೇಳಿದ್ದು ಹರಟೆ. ಇದನ್ನು ನನ್ನ ವಿದ್ಯಾರ್ಥಿನಿಯರಿಗೆ ಯಾವ ಪಾಠದಲ್ಲಿ ಸೇರಿಸಿ ಹೇಳಲಿ?

ಆಧಾರವನ್ನು ಒದಗಿಸಿದ್ದು ಕೆರೆ. ಹೋದ ವರ್ಷದ ಬೇಸಿಗೆ, ಬರ ಪರಿಹಾರ ಕಾಮಗಾರಿಯಲ್ಲಿ ಹೆಬ್ಬಳ್ಳದ ಕೆರೆಯ ಹೂಳು ತೆಗೆಸಿದಿರಿ. ಏರಿಯ ಬುಡದಲ್ಲಿ ಗುದ್ದಲಿಗೆ ಕಬ್ಬಿಣ ಸಿಕ್ಕಿತು. ಸುದ್ದಿ ಕೇಳಿ ನಾನು ಪಾಠವನ್ನು ಅರ್ಧಕ್ಕೆ ಬಿಟ್ಟು ಓಡಿದೆ. ಮಾಂಬಳ್ಳಿಯಿಂದ ಅವ್ವನನ್ನು ಯಾರೋ ಗಾಡಿಯಲ್ಲಿ ಕರೆತಂದಿದ್ದರು. ಮಧ್ಯಾಹ್ನದ ಹೊತ್ತಿಗೆ ಲಾರಿಯ ಮೂತಿ ಕಾಣಿಸಿತು, ಆಮೇಲೆ ಡ್ರೈವರನ ಗೂಡು. ಅದರೊಳಗಿನ ಕೆಸರನ್ನು ಕೈಯಿಂದ ತೆಗೆದರು. ಇಬ್ಬರೂ ಅಲ್ಲೇ ಇದ್ದರು. ಯಾವುದು ಯಾರ ಎಲುಬೆಂದು ಹೇಳುವಂತಿರಲಿಲ್ಲ. ಒಬ್ಬರ ಮೇಲೊಬ್ಬರು ಬಿದ್ದು ಮಣ್ಣಾಗಿದ್ದರು.

ಜನರ ನಡುವಿದ್ದ ಮಹದೇವು ಎಂಬ ಬಸ್ ಡ್ರೈವರ್ ಒಳಗೆ ಬಗ್ಗಿ ನೋಡಿದ. ಆಮೇಲೆ ನನ್ನನ್ನು ಕರೆದು ತೋರಿಸಿದ. “ಮೇಡಂ, ನೋಡಿ. ಕೈಬ್ರೇಕು ಕಡೇವರ್ಗೂ ಎಳುದವ್ರೆ. ಎರಡು ಕೈಲೂ ಎಳುದಿರಬೇಕು, ಸನ್ನೆಗೋಲೇ ಬಗ್ಗೋಗದೆ.” ಕದ್ದು ಓಡುವವನು ಲಾರಿಯನ್ನು ನಿಲ್ಲಿಸಲು ಅಷ್ಟು ಹೆಣಗುತ್ತಾನೆಯೇ, ಮಾನ್ಯರೇ? ಆ ಸನ್ನೆಗೋಲು ನೋಡಿದ ಮೇಲೆ ನನಗೆ ಅಣ್ಣನ ಕೈಗಳೇ ಕಾಣತೊಡಗಿದವು. ಕೂಗಿದ್ದನೋ, ಶಿವಾ ಎಂದಿದ್ದನೋ. ಚಿಕ್ಕಮಾದಯ್ಯ ಧುಮುಕಿ ಬದುಕಬಹುದಿತ್ತು, ಧುಮುಕಲಿಲ್ಲ.

ಕೆಸರಿನಲ್ಲಿ ಕರಡಿಗೆ ಸಿಕ್ಕಿತು. ಕಪ್ಪಾಗಿತ್ತು, ಆದರೆ ಮುಚ್ಚಳ ಬಿಗಿಯಾಗಿತ್ತು. ಅವ್ವ ಅದನ್ನು ಕಂಡದ್ದೇ ಕೆರೆಯೊಳಕ್ಕೆ ಇಳಿದಳು. ಎಪ್ಪತ್ತು ದಾಟಿದ ಜೀವ, ಕಾಲು ಹೂತು ಮುಗ್ಗರಿಸಿತು. ಆಚೆ ಬದಿಯಲ್ಲಿ, ತಮ್ಮವರು ಎಂದೂ ನಿಲ್ಲುವಷ್ಟು ದೂರದಲ್ಲಿ ಗೋವಿಂದಮ್ಮ ನಿಂತಿದ್ದಳು. ಓಡಿಬಂದು ಹಿಡಿದುಕೊಂಡವಳು ಅವಳೇ. ಆಮೇಲೆ ತಾನು ಯಾರನ್ನು ಮುಟ್ಟಿದೆನೆಂದು ಹೊಳೆದು ಕೈ ಬಿಡಹೋದಳು. ಅವ್ವ ಬಿಡಲಿಲ್ಲ.

“ನಿನ್ ಗಂಡ್ನೇ ನನ್ ಮಗುನ್ನ ಕೆಡಿಸ್ದ ಅಂತ ಇಷ್ಟು ವರ್ಸ ಬೈದ್ನಲ್ಲೇ ತಾಯಿ,” ಎಂದಳು ಅವ್ವ.

“ನಾನೇನ್ ಸುಮ್ಕಿದ್ನಾ ಅವ್ವಾರೆ?” ಎಂದಳು ಗೋವಿಂದಮ್ಮ. “ದಿನಾ ಎದ್ದೇಟ್ಗೆ ನಿಮ್ ಮನೆ ಆಳಾಗ್ಲಿ ಅಂತಿದ್ದೆ. ಆಗ್ಲೇ ಆಳಾಗದೆ ಅಂತ ನಂಗೊತ್ತಿರ್ನಿಲ್ಲ.”

ಇಬ್ಬರೂ ಆ ಕೆಸರಿನಲ್ಲೇ ಕೂತರು. ಗೋವಿಂದಮ್ಮ ಕೆಸರಿನಲ್ಲೇ ಸಿಕ್ಕ ಒಂದು ಹಿತ್ತಾಳೆ ಕಡಗವನ್ನು ಸೆರಗಿನಿಂದ ಒರೆಸುತ್ತಿದ್ದಳು. ಮಾದಪ್ಪನ ಬೆಟ್ಟಕ್ಕೆ ಹೋದಾಗ ತಾನೇ ಗಂಡನ ಕೈಗೆ ತೊಡಿಸಿದ್ದಂತೆ. ಯಾರೂ ಜೋರಾಗಿ ಅಳಲಿಲ್ಲ. ಅಳುವಿನ ಹೊತ್ತು ಮೀರಿಹೋಗಿತ್ತು.

ಆ ಸಂಜೆ ಪೊಲೀಸರು ಬಂದು ಎಲುಬು, ಕರಡಿಗೆ, ಕಡಗ ಎಲ್ಲವನ್ನೂ ಕಟ್ಟಿಕೊಂಡು ಹೋದರು. ಮಹಜರಾದ ಮೇಲೆ ಕೊಡುತ್ತಾರೆಂದುಕೊಂಡೆವು. ಅಷ್ಟರಲ್ಲಿ ನಮ್ಮ ಬೀದಿಯ ಹಿರಿಯ ಶಿವನಂಜಯ್ಯನವರು ಮನೆಗೆ ಬಂದು ಗಂಟಲು ಸರಿಮಾಡಿಕೊಂಡರು. “ಎಲುಬು ಬೆರ್ತೋಗವೆ ಅಂತಾರೆ. ನಮ್ಮ ರುದ್ರಭೂಮಿಗೆ ಎಂಗೆ ತಂದೀರಿ, ದೊಡ್ಡಬಸಮ್ಮ?” ಅವ್ವ ಅವರಿಗೆ ಮಜ್ಜಿಗೆ ಕೊಟ್ಟು ಹೇಳಿದಳು: “ಒಂದೇ ಕೆಸ್ರು ಕುಡುದು ಸತ್ತೋರು ಕಣಯ್ಯ. ನಾನು ಈಗ ಯಾವ್ ಮೊರದಲ್ಲಿ ಕೇರ್ಲಿ? ನಿಮ್ ರುದ್ರಭೂಮಿ ನೀವೇ ಮಡೀಕಳಿ. ನನ್ ಒಲದಲ್ಲಿ ಒಂಗೆ ಮರ ಅದೆ.” ಮರುದಿನವೇ ಹೋಗಿ ಜಾಗ ಗುರುತು ಮಾಡಿಸಿದಳು. ಗೋವಿಂದಮ್ಮನಿಗೂ ಹೇಳಿಕಳಿಸಿದಳು.

ಆ ಜಾಗ ಖಾಲಿ ಇದೆ. ಯಾಕೆಂದು ತಿಳಿಯಲು ನಾನು ತಮ್ಮ ಕಚೇರಿಗೆ ಬಂದಿದ್ದೆ. ನೆನಪಿದೆಯೋ ಇಲ್ಲವೋ. ತಾವು ಸೌಜನ್ಯದಿಂದಲೇ ಮಾತಾಡಿದಿರಿ, ಕುರ್ಚಿ ಕೊಟ್ಟಿರಿ.

“ಅಮ್ಮಾ, ಇದು ಭಾವನೆಯ ಪ್ರಶ್ನೆಯಲ್ಲ, ವ್ಯಾಪ್ತಿಯ ಪ್ರಶ್ನೆ,” ಎಂದಿರಿ. “ದೂರು ದಾಖಲಾದದ್ದು ಮದ್ರಾಸು ಪ್ರಾಂತದಲ್ಲಿ. ಕಾಗದಗಳು ಆ ರಾಜ್ಯದಲ್ಲಿ ಉಳಿದಿವೆ. ಮೊಕದ್ದಮೆ ಅವರು ಮುಚ್ಚಬೇಕು. ಅವರು ಅದು ತಮ್ಮದಲ್ಲ ಎಂದು ಬರೆದಿದ್ದಾರೆ.”

“ಹಾಗಾದರೆ ಯಾರದು?”

“ಅದೇ ಇತ್ಯರ್ಥವಾಗಬೇಕು. ಆರೋಪಿಗಳು ತಲೆಮರೆಸಿಕೊಂಡಿದ್ದಾರೆ ಎಂದಿದೆ. ಅವರು ಹಾಜರಾಗುವ ತನಕ…”

“ಹಾಜರಾಗಿದ್ದಾರಲ್ಲ ಸ್ವಾಮಿ. ನಿಮ್ಮ ಠಾಣೆಯಲ್ಲೇ ಇದ್ದಾರೆ.”

ತಾವು ಕನ್ನಡಕ ತೆಗೆದು ಒರೆಸಿದಿರಿ. ಇನ್ನೊಂದು ಮಾತು ಅಂದು ಕೇಳಲಾಗಲಿಲ್ಲ, ಇಂದು ಕೇಳುತ್ತೇನೆ. ಕಳುವಾದ ಮಾಲು ಎಂದರೆ ಲಾರಿ ತಾನೆ? ಅದು ಸಿಕ್ಕ ತಿಂಗಳೊಳಗೆ ಗುಜರಿ ಹರಾಜಿಗೆ ಹೋಯಿತು. ಆ ಬಗ್ಗಿದ ಸನ್ನೆಗೋಲೂ ಅದರೊಂದಿಗೆ ಹೋಯಿತು. ಕಬ್ಬಿಣಕ್ಕೆ ಬಾರದ ವ್ಯಾಪ್ತಿ ಎಲುಬಿಗೆ ಮಾತ್ರ ಹೇಗೆ ಬಂತು? ಕರಡಿಗೆ ಬೆಳ್ಳಿಯದಾದ್ದರಿಂದ ಖಜಾನೆಯಲ್ಲಿ ಭದ್ರವಾಗಿದೆಯಂತೆ. ಲಿಂಗ ದೇಹದ ಜೊತೆ ಮಣ್ಣಿಗೆ ಹೋಗಬೇಕೆಂಬುದು ನಮ್ಮ ಆಚಾರ. ನಿಮ್ಮ ಖಜಾನೆಯ ಆಚಾರ ಬೇರೆ ಇರಬಹುದು.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ದಿನ ಅವ್ವ, “ಈಗಲಾದ್ರೂ ನಾವು ಯಾರೋರು ಅಂತ ಗೊತ್ತಾಯ್ತಾ ಅವ್ರಿಗೆ?” ಎಂದು ಕೇಳಿದಳು. ಸಂಕ್ರಾಂತಿ ಕಳೆದು ಅವಳು ಮಲಗಿದಳು, ಮತ್ತೆ ಏಳಲಿಲ್ಲ. ಕೊನೆಯ ದಿನಗಳಲ್ಲಿ ಗೋವಿಂದಮ್ಮ ಬಂದು ಹಾಸಿಗೆಯ ಪಕ್ಕ ಕೂರುತ್ತಿದ್ದಳು. ಬೀದಿಯವರು ಕಂಡೂ ಕಾಣದಂತಿದ್ದರು. ಅವ್ವನಿಗೆ ಬಾಯಿಗೆ ನೀರು ಬಿಟ್ಟವರಲ್ಲಿ ಅವಳೂ ಒಬ್ಬಳು. ಅವ್ವನನ್ನು ಹೊಂಗೆ ಮರದ ಕೆಳಗೇ, ಆ ಖಾಲಿ ಜಾಗದ ಪಕ್ಕದಲ್ಲಿ ಇಟ್ಟೆವು. ಮಗನ ಮುಖ ನೋಡುವ ಆಸೆ ಅವಳಿಗೆ ಎಂದೋ ಹೋಗಿತ್ತು. ಅವನ ಮೇಲೆ ಒಂದು ಹಿಡಿ ಮಣ್ಣು ಹಾಕುವ ಆಸೆಯೊಂದಿತ್ತು. ತಾವು ಅದನ್ನೂ ಮುಂದಕ್ಕೆ ಹಾಕಿದಿರಿ.

ಈಗ ತಾಲ್ಲೂಕು ಚರಿತ್ರೆಯ ಪುಸ್ತಕ ಅಚ್ಚಿಗೆ ಹೋಗುತ್ತಿದೆ. ಕರಡು ತಿದ್ದಲು ನನಗೇ ಬಂತು. ನನ್ನ ಅಧ್ಯಾಯದಲ್ಲಿ ನಾನು ಬರೆಯದ ಒಂದು ವಾಕ್ಯ ಕೂತಿದೆ: ‘ಇಬ್ಬರು ಸ್ಥಳೀಯ ನೌಕರರು ಲಾರಿಯೊಂದನ್ನು ಅಪಹರಿಸಿ ಪರಾರಿಯಾದ ಘಟನೆಯನ್ನು ಬಿಟ್ಟರೆ ಡಿಪೋದ ಆಡಳಿತ ಮಾದರಿಯಾಗಿತ್ತು.’ ಕೆಳಗೆ ಲೇಖಕಿ ಎಂದು ನನ್ನ ಹೆಸರು. ಲಾರಿ ಕೆರೆಯಿಂದ ಎದ್ದದ್ದನ್ನು ಸಾವಿರ ಜನ ನೋಡಿದ ಮೇಲೂ ಈ ವಾಕ್ಯ ಹೇಗೆ ಬದುಕಿದೆ, ಮಾನ್ಯರೇ? ಕಚೇರಿಯಲ್ಲಿ ಒಮ್ಮೆ ಬರೆದದ್ದು ಸುಳ್ಳಾದರೂ ಸಾಯುವುದಿಲ್ಲ. ಮನುಷ್ಯ ಒಂದು ಬ್ರೇಕಿಲ್ಲದ್ದಕ್ಕೆ ಸಾಯುತ್ತಾನೆ.

ನನ್ನ ಕೋರಿಕೆ ಇಷ್ಟೇ. ಆ ವಾಕ್ಯವನ್ನು ತೆಗೆಸಿ, ಅದರ ಜಾಗದಲ್ಲಿ ನಡೆದದ್ದನ್ನು ಹಾಕಿಸಿ: ಕೆಟ್ಟ ಬ್ರೇಕಿನ ಲಾರಿಯನ್ನು ಆಜ್ಞೆಯ ಮೇರೆಗೆ ಒಯ್ದ ಸಿದ್ದಮಲ್ಲಪ್ಪ, ಚಿಕ್ಕಮಾದಯ್ಯ ಎಂಬ ಇಬ್ಬರು ಹೆಬ್ಬಳ್ಳದ ಕೆರೆಯಲ್ಲಿ ಸತ್ತರು. ಇಲ್ಲವಾದರೆ ಆ ಅಧ್ಯಾಯದಿಂದ ನನ್ನ ಹೆಸರನ್ನು ತೆಗೆಯಿರಿ. ಮೊಕದ್ದಮೆ ಯಾವ ರಾಜ್ಯದ್ದೆಂದು ತಾವು ಇನ್ನೂ ಹತ್ತು ವರ್ಷ ಬೇಕಾದರೆ ಚರ್ಚಿಸಿ, ಎಲುಬುಗಳನ್ನೂ ಕರಡಿಗೆಯನ್ನೂ ಕಡಗವನ್ನೂ ಮಾತ್ರ ಈಗ ಕೊಡಿಸಿ. ಪರಿಹಾರ ಬೇಡ, ಶಿಲಾಫಲಕ ಬೇಡ, ಭಾಷಣ ಖಂಡಿತ ಬೇಡ. ತಮ್ಮ ಒಬ್ಬ ಜವಾನ ತಂದುಕೊಟ್ಟರೂ ಸಾಕು. ಗೋವಿಂದಮ್ಮನಿಗೆ ಈಗ ಒಂದು ಕಣ್ಣು ಕಾಣುವುದಿಲ್ಲ. ಸಂತೆಗೆ ಬಂದಾಗಲೆಲ್ಲ ಶಾಲೆಯ ಗೇಟಿನ ಬಳಿ ನಿಂತಿರುತ್ತಾಳೆ. ಹೋದ ವಾರ ಕೇಳಿದಳು:

“ಟೀಚರಮ್ಮ, ನಂಗೇನಾರ ಆಗೋದ್ರೆ ಅವುರ್ನ ಯಾರು ಈಸ್ಕಂಡಾರು?”

ನಾನಿದ್ದೇನೆ ಎಂದೆ. ಅವಳು ತಲೆಯಾಡಿಸಿ, ಸ್ವಲ್ಪ ಹೊತ್ತು ನನ್ನ ನರೆತ ಕೂದಲನ್ನೇ ನೋಡಿ ಹೊರಟುಹೋದಳು.

ಇಂತಿ,
ಅಣ್ಣನ ಹೆಸರಿನ ಹಿಂದೆ ‘ದಿವಂಗತ’ ಎಂದು ಬರೆಯಲು ತಮ್ಮ ಅಪ್ಪಣೆಗೆ ಕಾದಿರುವ
ಶಿವರತ್ನಮ್ಮ
ಚರಿತ್ರೆಯ ಉಪಾಧ್ಯಾಯಿನಿ, ಕೊಳ್ಳೇಗಾಲ
೧೯೭೪